ತಾಯಿ ಟೇಲರಿಂಗ್ ಮಾಡ್ತಾರೆ

ನಾನು ಆಪ್ತಸಮಾಲೋಚಕಿ. ಮಳೆಗಾಲ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ನನ್ನ ಹತ್ತಿರ ಒಂದೇ ದೂರು ಹೊತ್ತು ಕೆಲವು ಹೆಣ್ಣುಮಕ್ಕಳು ಬರುತ್ತಾರೆ. ರಾತ್ರಿ ನಿದ್ದೆ ಇಲ್ಲ, ಹಗಲು ತೂಕಡಿಕೆ, ಸುಮ್ನೆ ಕೂತರೂ ಎದೆ ಡವಡವ. ಏನು ಕೆಲಸ ಮಾಡ್ತೀರಿ ಅಂದರೆ 'ಮನ್ಯಾಗ ಇರ್ತೀನ್ರಿ' ಅನ್ನುತ್ತಾರೆ. ಎರಡನೇ ಸಲ ಬಂದಾಗ ತಿಳಿಯುತ್ತದೆ, ಅವರು ನಾಟಕದವರು.

ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಇಲ್ಲಿ ಜಾತ್ರೆ ಬಂತೆಂದರೆ ಹಳ್ಳಿಯವರೇ ನಾಟಕ ಆಡುತ್ತಾರೆ. ಗಂಡು ಪಾರ್ಟು ಊರವರದು. ಒಕ್ಕಲುತನದವರು, ಅಂಗಡಿಯವರು, ಮಾಸ್ತರು, ಎಲ್ಲರೂ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹೆಣ್ಣು ಪಾರ್ಟಿಗೆ ಮಾತ್ರ ಗದಗ, ಹುಬ್ಬಳ್ಳಿಯಂಥ ಊರಿಂದ ನಟಿಯರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಅವರು ಅವತ್ತು ಸಂಜೆ ಬಸ್ಸಿಳಿದು, ಚಹಾ ಕುಡಿದು, ಪೇಟಿ (ಹಾರ್ಮೋನಿಯಂ) ಮಾಸ್ತರ ಜೊತೆ ಹಾಡು ಕೂಡಿಸಿಕೊಂಡು, ಬಣ್ಣ ಹಚ್ಚಿಕೊಂಡು, ರಾತ್ರಿ ಹತ್ತು ಹನ್ನೊಂದಕ್ಕೆ ಶುರುವಾದ ನಾಟಕವನ್ನು ಬೆಳಗಿನ ತನಕ ಎಳೆದು, ಮೊದಲ ಬಸ್ಸಿಗೆ ಮುಂದಿನ ಊರಿಗೆ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಈ ದುಡಿಮೆ. ಮಳೆ ಬಿತ್ತೆಂದರೆ ಎಲ್ಲ ಬಂದ್.

ಈಗ ಹೇಳುವ ಪ್ರಕರಣದಲ್ಲಿ ವಯಸ್ಸು, ಊರು, ಮಗನ ಕೆಲಸ ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ಅಕ್ಕ ಅಂತ ಕರೆಯುತ್ತೇನೆ.

ಅಕ್ಕನಿಗೆ ನಲವತ್ತೈದರ ಆಸುಪಾಸು. ಹತ್ತೊಂಬತ್ತಕ್ಕೆ ಬಣ್ಣ ಹಚ್ಚಿದವರು. ಮೊದಲು ಒಂದು ನಾಟಕ ಕಂಪನಿಯಲ್ಲಿ ಊರೂರು ಕ್ಯಾಂಪ್, ಆಮೇಲೆ ಹಳ್ಳಿ ನಾಟಕ. ಗಂಡ ಬೇಗ ತೀರಿಹೋದರು. ಒಬ್ಬನೇ ಮಗ. ಹೀರೋಯಿನ್ ಪಾರ್ಟಿನಿಂದ ತಾಯಿ ಪಾರ್ಟಿಗೆ ಬಂದ ವರ್ಷ ದುಡ್ಡು ಕಡಿಮೆಯಾಯಿತು, ಆದರೂ ಮಗನನ್ನು ಓದಿಸಿದರು. ಅವನಿಗೆ ಹುಬ್ಬಳ್ಳಿಯಲ್ಲಿ ಒಳ್ಳೆಯ ನೌಕರಿ ಸಿಕ್ಕಿತು. ಸಿಕ್ಕ ವರ್ಷವೇ 'ಇನ್ನ ಸಾಕು, ಬಿಡವ್ವಾ' ಅಂದ. ಅಕ್ಕ ಬಿಟ್ಟರು. ನಿದ್ದೆಯೂ ಅವತ್ತಿನಿಂದಲೇ ಬಿಟ್ಟುಹೋಯಿತು.

ಮೊದಲ ಸಲ ಬಂದಾಗ ಅವರಿಗೆ ಬೇಕಾಗಿದ್ದದ್ದು ನಿದ್ದೆ ಮಾತ್ರೆ. ಪರಿಚಯದ ಔಷಧಿ ಅಂಗಡಿಯಿಂದ ಯಾವುದೋ ಮಾತ್ರೆ ತಂದು ನುಂಗುತ್ತಿದ್ದರು, ಚೀಟಿ ಇಲ್ಲದೆ. ನಾನು ಮಾತ್ರೆ ಬರೆಯುವವಳಲ್ಲ. ಮೊದಲು ಮನೋವೈದ್ಯರ ಹತ್ತಿರ ಹೋಗಿ ಬನ್ನಿ ಅಂದೆ. ಧಾರವಾಡದಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇರುವಾಗ ಅಂಗಡಿ ಮಾತ್ರೆಗೆ ಕೈಚಾಚುವ ಅಗತ್ಯವೇ ಇಲ್ಲ.

ವೈದ್ಯರನ್ನು ನೋಡಿ ಬಂದ ಮೇಲೆ ಎರಡನೇ ಭೇಟಿಯಲ್ಲಿ ಒಂದು ಸಾದಾ ಪ್ರಶ್ನೆ ಕೇಳಿದೆ. ರಾತ್ರಿ ಎರಡಕ್ಕೆ ಎಚ್ಚರ ಇರ್ತೀರಲ್ಲ, ಆಗ ಏನು ಮಾಡ್ತೀರಿ? ಅಕ್ಕ ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. 'ಅಡಿಗಿ ಮನ್ಯಾಗ ಹೋಗಿ ನಳ ಬಿಟ್ಟು, ಆ ಸಪ್ಪಳದಾಗ ಪಾರ್ಟ್ ಹೇಳ್ತೀನ್ರಿ. ಮಗಗ ಕೇಳಬಾರದಲ್ರಿ.' ಇಡೀ ನಾಟಕ ಹೇಳುತ್ತಾರಂತೆ. ತನ್ನ ಮಾತಷ್ಟೇ ಅಲ್ಲ, ಎದುರಿನವರ ಮಾತೂ.

ಇಪ್ಪತ್ತೈದು ವರ್ಷ ಬೆಳಗಿನ ಜಾವಕ್ಕೆ ಮಲಗಿದ ದೇಹ ಒಂದೇ ದಿನಕ್ಕೆ ಹತ್ತು ಗಂಟೆಗೆ ಮಲಗಲಾರದು, ಅದು ಸರಿ. ಅದಕ್ಕೆ ಉಪಾಯಗಳಿವೆ. ಎಷ್ಟಕ್ಕೇ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಎದ್ದ ಕೂಡಲೇ ಬಿಸಿಲಿಗೆ ಬನ್ನಿ. ಮಧ್ಯಾಹ್ನದ ನಂತರ ಚಹಾ ಬೇಡ, ಹಗಲು ನಿದ್ದೆ ಬೇಡ. ಇದೆಲ್ಲ ಹೇಳಿದೆ, ಅವರೂ ಮಾಡಿದರು, ಸ್ವಲ್ಪ ಗುಣವೂ ಆಯಿತು. ಆದರೆ ನಳದ ಸಪ್ಪಳದಲ್ಲಿ ಬಚ್ಚಿಟ್ಟದ್ದು ನಿದ್ದೆಯ ವಿಷಯ ಅಲ್ಲವಲ್ಲ. ಮುಂದಿನ ಸಲ ಮಗನನ್ನು ಕರೆದುಕೊಂಡು ಬನ್ನಿ ಅಂದೆ.

ಮಗ ಒಳ್ಳೆಯ ಹುಡುಗ. ಬಂದವನೇ ತಾಯಿಗೆ ಕುರ್ಚಿ ಸರಿಸಿ ಕೊಟ್ಟ, ಆಮೇಲೆ ತಾನು ಕೂತ. 'ಮೇಡಂ, ನಾ ಏನ್ ತಪ್ಪ ಮಾಡೀನಿ? ಇಷ್ಟ ವರ್ಷ ದುಡಿದಾಳ. ಇನ್ನರ ಕುಂತ ಉಣ್ಲಿ ಅಂದೆ.' ಅವನಿಗೆ ಹೆಣ್ಣು ನೋಡಿದ್ದರು, ಹಾವೇರಿ ಕಡೆಯದು. ಎಲ್ಲ ಒಪ್ಪಿಗೆಯಾಗಿ ನಿಶ್ಚಯ ಕಾರ್ಯ ಒಂದು ಬಾಕಿ. ತಾಯಿ ಏನು ಮಾಡ್ತಾರೆ ಅಂತ ಬೀಗರಿಗೆ ಹೇಳಿದ್ದೀರಿ ಅಂತ ಕೇಳಿದೆ. ಅವನು ನೆಲ ನೋಡಿದ. 'ಟೇಲರಿಂಗ್ ಮಾಡ್ತಾರ ಅಂತ ಹೇಳೇವ್ರಿ.' ಪೂರ್ತಿ ಸುಳ್ಳೂ ಅಲ್ಲ. ಮನೆಯಲ್ಲಿ ಮಶಿನ್ ಇದೆ. ಪಾರ್ಟಿನ ಜಂಪರ (ರವಿಕೆ) ಅಕ್ಕ ತಾವೇ ಹೊಲಿದುಕೊಳ್ಳುತ್ತಿದ್ದರು.

ಅಲ್ಲಿ ನಾನು ಒಂದು ತಪ್ಪು ಮಾಡಿದೆ. ಉಪದೇಶಕ್ಕೆ ನಿಂತೆ. ಗದುಗಿನವನಾಗಿ ನಾಟಕಕ್ಕೆ ನಾಚಿಕೊಳ್ತೀಯಾ ಅಂದೆ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ನಿಮ್ಮೂರಿನದೇ ಅಂದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳ ಅನ್ನಕ್ಕಾಗಿ ನಾಟ್ಯ ಸಂಘ ಕಟ್ಟಿದ್ದು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಸಂಘಕ್ಕೆ ನಾಟಕ ಬರೆದದ್ದು ಹೇಳಿದೆ. 1914ರಲ್ಲಿ ಹುಟ್ಟಿ 2017ರ ತನಕ ಬದುಕಿದ ಏಣಗಿ ಬಾಳಪ್ಪನವರು ಹರೆಯದಲ್ಲಿ ಹೆಣ್ಣು ಪಾರ್ಟು ಮಾಡಿ ಹೆಸರು ಪಡೆದದ್ದು ಹೇಳಿದೆ. ಹುಡುಗ ಎಲ್ಲದಕ್ಕೂ ಹೌದ್ರಿ, ಹೌದ್ರಿ ಅಂದ. ಪುಣ್ಯಾಶ್ರಮಕ್ಕೆ ಅವನು ಚಿಕ್ಕಂದಿನಿಂದ ಹೋಗಿ ಕೈಮುಗಿದು ಬಂದವನೇ. ದೊಡ್ಡವರ ಹೆಸರಿಗೆ ಎಲ್ಲರೂ ಕೈ ಮುಗಿಯುತ್ತಾರೆ. ಬೆಳಗಿನ ಬಸ್ಸಿನಲ್ಲಿ ಅರ್ಧ ಒರೆಸಿದ ಬಣ್ಣದ ಮುಖ ಹೊತ್ತು ಕೂತ ತಾಯಿಗೆ ಆ ಹೆಸರುಗಳಿಂದ ಏನೂ ಸಿಗಲಿಲ್ಲ.

ಆಗ ಅಕ್ಕ ಬಾಯಿ ಬಿಟ್ಟರು. ಮಗನಿಗೆ ಹೇಳಿದ್ದಲ್ಲ, ನನಗೂ ಅಲ್ಲ. ಗೋಡೆ ನೋಡುತ್ತಾ ಹೇಳಿದರು.

'ಹೆಣ್ಣ ನೋಡಾಕ ಹೋಗಿದ್ವಲ್ಲ, ಆ ಹುಡುಗಿ ಸೋದರಮಾವನ ಮನಿ ಅದು. ಆ ಊರಾಗ ನಾ ತಾಯಿ ಪಾರ್ಟ್ ಮಾಡೀನ್ರಿ, ಭಾಳ ವರ್ಷ ಆತು. ಆ ಸೋದರಮಾವ ನನ್ನ ಮಗನ ಪಾರ್ಟ್ ಮಾಡಿದ್ರು. ಕಡೀ ಸೀನಿನ್ಯಾಗ ನನ್ನ ಕಾಲ ಹಿಡಕೊಂಡು, ಅವ್ವಾ ತಪ್ಪಾತು ಅಂತ ಖರೇನ ಅತ್ತಿದ್ರು. ಮಂದಿ ಅವರಿಗೆ ಹಾರ ಹಾಕಿದ್ರು, ಉಂಗುರ ಆಯೇರಿ ಮಾಡಿದ್ರು. ಅದರ ಫೋಟೋ ಇನ್ನೂ ಅವರ ಗ್ವಾಡಿ ಮ್ಯಾಲ ಐತಿ. ನಾವು ಚಾ ಕುಡ್ಯಾಕತ್ತಿದ್ವಿ, ನನ್ನ ಎದರಗಿನ ಗ್ವಾಡಿ. ಫೋಟೋದಾಗ ನಾನೂ ಅದೀನಿ. ಬಿಳಿ ಕೂದಲ ಹಾಕ್ಕೊಂಡಿದ್ದೆ, ಗುರ್ತ ಹತ್ತಂಗಿಲ್ಲ. ಆದ್ರೂ ನಾ ಸೆರಗ ಮುಂದಕ ಎಳಕೊಂಡೆ.'

ಮಗ ತಾಯಿಯ ಮುಖ ನೋಡಿದ. ಅವನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ನನಗೂ ಮಾತು ಬರಲಿಲ್ಲ, ತರುವ ಪ್ರಯತ್ನವನ್ನೂ ಮಾಡಲಿಲ್ಲ.

ಇಷ್ಟು ವರ್ಷದ ಕೆಲಸದಲ್ಲಿ ನನ್ನನ್ನು ಬಹಳ ಕಾಡಿದ ಮಾತು ಅದು. ಒಂದೇ ಸ್ಟೇಜ್, ಒಂದೇ ರಾತ್ರಿ, ಒಂದೇ ಸೀನು. ಹವ್ಯಾಸಕ್ಕೆ ಆಡಿದ ಗಂಡಸಿಗೆ ಅದು ಗೋಡೆ ಮೇಲಿನ ಫೋಟೋ. ಹೊಟ್ಟೆಪಾಡಿಗೆ ಆಡಿದ ಹೆಂಗಸಿಗೆ ಅದು ಸೆರಗು ಎಳೆದು ಮುಚ್ಚಿಕೊಳ್ಳುವ ವಿಷಯ. ಅವರು ಮಗನಾಗಿ ಅತ್ತದ್ದು ಕಲೆಯಾದರೆ, ಇವರು ತಾಯಿಯಾಗಿ ಎತ್ತಿ ಅಪ್ಪಿಕೊಂಡದ್ದು ಏನು? ನನಗೆ ಇವತ್ತಿಗೂ ಇದನ್ನು ನೆನೆದರೆ ಸಿಟ್ಟು ಬರುತ್ತದೆ.

ಸಲಹೆ ಕೊಡುವ ಹೊತ್ತು ಬಂತು. ನಿಶ್ಚಯಕ್ಕೆ ಮುಂಚೆ ನಿಜ ಹೇಳಿ ಅಂದೆ. ಹೇಳುವವನು ಮಗನೇ ಆಗಬೇಕು. ತಾಯಿ ಹೇಳಿದರೆ ಅದು ತಪ್ಪೊಪ್ಪಿಗೆ ಆಗುತ್ತದೆ. ಮಧ್ಯಸ್ಥರು ಹೇಳಿದರೆ ಚಾಡಿ ಆಗುತ್ತದೆ. 'ನಮ್ಮವ್ವ ನಾಟಕದಾಗ ದುಡಿದು ನನ್ನ ಓದಿಸಿದಳು' ಅನ್ನುವ ಮಾತು ಮಗನ ಬಾಯಲ್ಲೇ ಬರಬೇಕು. ಮಗ ಎರಡು ದಿನ ಯೋಚಿಸಿದ. ಹೋದ. ಹೇಳಿದ.

ಸಂಬಂಧ ಮುರಿಯಿತು.

ಸೋದರಮಾವ 'ನನಗ ಅವತ್ತ ಗುರ್ತ ಹತ್ತಿತ್ತು' ಅಂದರಂತೆ. ಅಷ್ಟೇ. ಮನೆಯ ಹಿರಿಯರು ಬೇಡ ಅಂದಾಗ ಅವರು ಎದ್ದು ಹೊರಗೆ ಹೋದರಂತೆ. ಅಕ್ಕ ಆಮೇಲೆ ಆರು ವಾರ ನನ್ನ ಹತ್ತಿರ ಬರಲಿಲ್ಲ. ಫೋನ್ ಎತ್ತಲಿಲ್ಲ.

ಈ ಕೆಲಸದಲ್ಲಿರುವ ಗೆಳತಿಯೊಬ್ಬರು ನನಗೆ ನೇರವಾಗಿ ಅಂದರು, ಮದುವೆ ಒಂದು ಆಗಿಹೋಗಲಿ ಅಂತ ಬಿಡಬೇಕಿತ್ತು, ನಿನ್ನ ಸತ್ಯಕ್ಕೆ ಆ ಹುಡುಗ ಬೆಲೆ ತೆತ್ತ ಅಂತ. ಆ ಮಾತು ನೋಯಿಸಿತು. ಆದರೂ ನಾನು ಒಪ್ಪುವುದಿಲ್ಲ. ಸುಳ್ಳಿನ ಮೇಲೆ ಮದುವೆಯಾದ ಮನೆಗಳು ನನ್ನ ಮುಂದೆ ಬಂದಿವೆ. ನಾಟಕದವರ ಗುರುತು ನಮ್ಮ ಕಡೆ ಬಚ್ಚಿಟ್ಟು ಉಳಿಯುವುದಿಲ್ಲ. ಸಾವಿರಾರು ಜನ ಲೈಟಿನ ಕೆಳಗೆ ನೋಡಿದ ಮುಖ ಅದು. ಇವತ್ತಲ್ಲ ನಾಳೆ ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಯಾರೋ 'ಅಕ್ಕಾರ, ನಮ್ಮೂರಿಗೆ ಬಂದಿದ್ರಲ್ಲ' ಅನ್ನುತ್ತಾರೆ. ಆಗ ಸೊಸೆ ಅತ್ತೆಯನ್ನು ನೋಡುವ ನೋಟ ಬದಲಾಗುತ್ತದೆ, ಅತ್ತೆ ತನ್ನ ಮನೆಯಲ್ಲೇ ಕಳ್ಳಿಯಂತೆ ಬದುಕುತ್ತಾಳೆ. ಅಡಿಗೆ ಮನೆಯ ನಳ ಜೀವನಪೂರ್ತಿ ಬಿಟ್ಟುಕೊಂಡೇ ಇರಬೇಕಾ?

ನನ್ನ ನಿಜವಾದ ತಪ್ಪು ಬೇರೆ. ಸಂಬಂಧ ಮುರಿದರೆ ಏನು ಮಾಡ್ತೀರಿ ಅಂತ ಮಗನನ್ನು ಕೇಳಿದ್ದೆ, ತಾಯಿಯನ್ನು ಕೇಳಿರಲಿಲ್ಲ. ಮುರಿದ ಮೇಲೆ ಆ ಭಾರವನ್ನು ತನ್ನ ಮೇಲೆ ಹಾಕಿಕೊಳ್ಳುವವರು ಅವರೇ ಅಂತ ನನಗೆ ಹೊಳೆಯಬೇಕಿತ್ತು. ಈಗ ಇಂಥ ಮನೆಗಳು ಬಂದರೆ ಆ ಪ್ರಶ್ನೆಯನ್ನು ಮೊದಲು ತಾಯಿಗೇ ಕೇಳುತ್ತೇನೆ, ಉತ್ತರ ಬರುವ ತನಕ ಮುಂದಿನ ಹೆಜ್ಜೆ ಇಡಿಸುವುದಿಲ್ಲ.

ಆರು ವಾರದ ಮೇಲೆ ಅಕ್ಕ ತಾವಾಗಿಯೇ ಬಂದರು. ಅತ್ತರು. ಅತ್ತು ಮುಗಿಸಿ, 'ಮೇಡಂ, ಒಂದ ಊರಿಂದ ಬುಕಿಂಗ್ ಬಂದೈತಿ, ಹೋಗಲೇನ್ರಿ?' ಅಂದರು. ಹೋಗಿ ಅಥವಾ ಬೇಡ ಅಂತ ನಾನು ಹೇಳಲಿಲ್ಲ. ಹೋದರೆ ಹೇಗೆ ಹೋಗ್ತೀರಿ ಅಂತ ಕೂತು ಮಾತಾಡಿದೆವು. ಅರ್ಧ ದುಡ್ಡು ಮುಂಗಡ ಬಂದ ಮೇಲೇ ಬಸ್ ಹತ್ತುವುದು. ಒಬ್ಬರೇ ಹೋಗದೆ ಇನ್ನೊಬ್ಬ ನಟಿಯ ಜೊತೆ ಹೋಗುವುದು. ಬಟ್ಟೆ ಬದಲಿಸಲು ಬಾಗಿಲು ಇರುವ ಕೋಣೆ ಇದೆಯಾ ಅಂತ ಮೊದಲೇ ಕೇಳುವುದು. ಸಾಲು ಸಾಲು ಊರು ಹಿಡಿಯದೆ ನಡುವೆ ಒಂದು ರಾತ್ರಿ ನಿದ್ದೆಗೆ ಬಿಡುವುದು.

ಇನ್ನೊಂದು ವಿಷಯ, ಇದನ್ನು ಓದುವ ನಾಟಕದ ಮನೆಯವರು ದಯವಿಟ್ಟು ಗಮನ ಕೊಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆ. ಅರ್ಜಿ ಹಾಕುವಾಗ ಇಷ್ಟು ವರ್ಷ ಕಲೆಯಲ್ಲಿದ್ದೆ ಅನ್ನುವುದಕ್ಕೆ ದಾಖಲೆ ಬೇಕು. ಅಕ್ಕನ ಹತ್ತಿರ ಒಂದೇ ಒಂದು ಕಾಗದ ಇರಲಿಲ್ಲ, ಮಗ ನೋಡಬಾರದು ಅಂತ ಎಲ್ಲ ಒಲೆಗೆ ಹಾಕಿದ್ದರು. ಹ್ಯಾಂಡ್‌ಬಿಲ್, ಫೋಟೋ, ಪೇಪರಿನ ತುಣುಕು, ಸನ್ಮಾನ ಪತ್ರ ಏನೇ ಇರಲಿ, ತಾರೀಖು ಬರೆದು ಒಂದು ಡಬ್ಬಿಯಲ್ಲಿ ಇಡಿ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಶುರುವಾದ ಇ-ಶ್ರಮ್ ಕಾರ್ಡಿಗೆ 59ರ ಒಳಗೆ ಹೆಸರು ಬರೆಸಬಹುದು, ಅದನ್ನೂ ಮಾಡಿಸಿ. ಬುಕಿಂಗ್ ಇಲ್ಲದ ಮಳೆಗಾಲದಲ್ಲಿ ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್ ಅದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮಗನಿಗೆ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆ, ಇನ್ನೂ ಕೂಡಿಬಂದಿಲ್ಲ. ತಾಯಿ ಏನು ಮಾಡ್ತಾರೆ ಅಂದರೆ ಈಗ ಮೊದಲ ಮಾತಿಗೇ ಹೇಳುತ್ತಾನೆ. ಅಕ್ಕ ಈ ವರ್ಷ ಎಂಟು ಊರಿಗೆ ಹೋಗಿಬಂದರು, ಎಲ್ಲ ಕಡೆ ತಾಯಿ ಪಾರ್ಟೇ. ನಾಟಕ ನೋಡಲು ಮಗ ಇನ್ನೂ ಒಂದು ಸಲವೂ ಹೋಗಿಲ್ಲ. ಬೆಳಗಿನ ಐದಕ್ಕೆ ಅಲಾರಂ ಇಟ್ಟುಕೊಂಡು ಎದ್ದು ಫೋನ್ ಮಾಡುತ್ತಾನಂತೆ, 'ಬಸ್ ಹತ್ತಿದೇನಬೇ?'