ಓದುಗರ ಪ್ರಶ್ನೆ: ರೇಡಿಯೇಷನ್ ಕೊಡಬೇಕಾ ಅಂತ ಯಾರು ತೀರ್ಮಾನಿಸುತ್ತಾರೆ?

ಪ್ರಶ್ನೆ: ಅಮ್ಮನಿಗೆ 58 ವರ್ಷ, ಸ್ತನದ ಕ್ಯಾನ್ಸರ್. ಗಡ್ಡೆ ಇದ್ದ ಭಾಗವನ್ನಷ್ಟೇ ತೆಗೆದು ಆಪರೇಷನ್ ಮಾಡಿದ್ದಾರೆ. ರೇಡಿಯೇಷನ್ ಬೇಕಾ ಅಂತ ಕೇಳಿದರೆ ಸರ್ಜನ್ ‘ಟ್ಯೂಮರ್ ಬೋರ್ಡ್‌ನಲ್ಲಿ ಇಟ್ಟು ಹೇಳುತ್ತೇವೆ’ ಅಂದರು. ಇಷ್ಟು ಅನುಭವ ಇರುವವರಿಗೆ ಅಷ್ಟೂ ಗೊತ್ತಿರುವುದಿಲ್ಲವಾ? ಆ ಮೀಟಿಂಗ್‌ಗೆ ನಮ್ಮನ್ನೂ ಬಿಡುತ್ತಾರಾ?

ಉತ್ತರ: ಗೊತ್ತಿರುತ್ತದೆ. ಟ್ಯೂಮರ್ ಬೋರ್ಡ್ ಅಂದರೆ ಬೇರೆ ಬೇರೆ ವಿಭಾಗದ ಡಾಕ್ಟರುಗಳು ಒಟ್ಟಿಗೆ ಕೂತು ಒಬ್ಬೊಬ್ಬ ರೋಗಿಯ ಚಿಕಿತ್ಸೆ ಬಗ್ಗೆ ಚರ್ಚಿಸುವ ಮೀಟಿಂಗ್. ಸ್ತನ ಉಳಿಸಿ ಆಪರೇಷನ್ ಮಾಡಿದರೆ ಆಮೇಲೆ ರೇಡಿಯೇಷನ್ ಕೊಡುವುದೇ ರೂಢಿ. ವಯಸ್ಸು 65 ದಾಟಿದ್ದು, ಗಡ್ಡೆ ಚಿಕ್ಕದಿದ್ದು, ಕಂಕುಳಿಗೆ ಹರಡದೆ, ಹಾರ್ಮೋನ್ ಮಾತ್ರೆಗೆ ಬಗ್ಗುವ ಜಾತಿಯದಾಗಿದ್ದರೆ ಮಾತ್ರ ‘ಬಿಡಬಹುದಾ’ ಅನ್ನುವ ಮಾತು ಬರುತ್ತದೆ. ಹಾಗಾಗಿ ನಿಮ್ಮ ಅಮ್ಮನ ವಿಷಯದಲ್ಲಿ ಬೋರ್ಡ್ ತಲೆ ಕೆಡಿಸಿಕೊಳ್ಳುವುದು ಎಲ್ಲಿಗೆ, ಎಷ್ಟು, ಯಾವಾಗ ಅನ್ನುವುದಕ್ಕೇ ಜಾಸ್ತಿ.

ಅಲ್ಲಿ ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್, ಬಯಾಪ್ಸಿ ನೋಡುವ ಪೆಥಾಲಜಿಸ್ಟ್ ಇರುತ್ತಾರೆ. ಎಷ್ಟೋ ಕಡೆ ನರ್ಸ್ ಕೂಡ. ಸಾಮಾನ್ಯವಾಗಿ ವಾರಕ್ಕೊಮ್ಮೆ ಸೇರುತ್ತಾರೆ, ಒಬ್ಬೊಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ತೆಗೆದ ಭಾಗದ ಹೊರಮೈಗೆ ಮೊದಲೇ ಶಾಯಿ ಬಳಿದು, ಆಮೇಲೆ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಟ್ಟಿರುತ್ತಾರೆ. ಪೆಥಾಲಜಿಸ್ಟ್ ಆ ಸ್ಲೈಡನ್ನು ಪರದೆಯ ಮೇಲೆ ಹಾಕಿದರೆ ಎಲ್ಲರೂ ಮೊದಲು ನೋಡುವುದು ಶಾಯಿಯ ಗೆರೆಯನ್ನು. ಕ್ಯಾನ್ಸರ್ ಕೋಶ ಆ ಗೆರೆಗೆ ತಾಗಿದ್ದರೆ ಒಳಗೆ ಇನ್ನೂ ಸ್ವಲ್ಪ ಉಳಿದಿರಬಹುದು, ಆಗ ರೇಡಿಯೇಷನ್ ಮಾತು ಪಕ್ಕಕ್ಕಿಟ್ಟು, ಇನ್ನೊಂದು ಸಲ ಅಂಚು ತೆಗೆಯಬೇಕಾ ಅಂತ ಎಲ್ಲರೂ ಸರ್ಜನ್ ಕಡೆ ತಿರುಗುತ್ತಾರೆ. ತಾಗಿಲ್ಲ ಅಂದರೆ ಮುಂದಿನದು ಕಂಕುಳಿನ ಗಂಟುಗಳ (ಲಿಂಫ್ ನೋಡ್) ಲೆಕ್ಕ. 4 ಅಥವಾ ಅದಕ್ಕಿಂತ ಹೆಚ್ಚು ಗಂಟುಗಳಲ್ಲಿ ಕ್ಯಾನ್ಸರ್ ಸಿಕ್ಕಿದ್ದರೆ ಕಾಲರ್ ಮೂಳೆಯ ಮೇಲ್ಭಾಗಕ್ಕೂ ರೇಡಿಯೇಷನ್ ಕೊಡುತ್ತಾರೆ. ಒಂದರಿಂದ ಮೂರು ಇದ್ದರೆ? ಅಲ್ಲೇ ವಾದ ಶುರುವಾಗುವುದು. ಕೀಮೋ ಬೇಕಿದ್ದರೆ ಸಾಮಾನ್ಯವಾಗಿ ಅದು ಮೊದಲು, ರೇಡಿಯೇಷನ್ ಆಮೇಲೆ. ಹಿಂದೆ 5 ವಾರ ಹಿಡಿಯುತ್ತಿದ್ದದ್ದು ಈಗ ಬಹಳಷ್ಟು ಜನರಿಗೆ 3 ವಾರದಲ್ಲಿ ಮುಗಿಯುತ್ತದೆ, ಕೆಲವರಿಗೆ 5 ದಿನದಲ್ಲಿ 26 ಗ್ರೇ ಕೊಟ್ಟು ಮುಗಿಸುತ್ತಾರೆ. ಗ್ರೇ ಅಂದರೆ ರೇಡಿಯೇಷನ್ ಅಳತೆ.

ನಿಮ್ಮನ್ನು ಒಳಗೆ ಬಿಡುವುದು ಕಡಿಮೆ. ಬೇರೆ ರೋಗಿಗಳ ವಿಷಯವೂ ಅಲ್ಲೇ ಬರುತ್ತದಲ್ಲ. ಆದರೆ ನಿಮ್ಮ ಮಾತು ಒಳಗೆ ಹೋಗಲೇಬೇಕು, ಇದನ್ನು ಮಾತ್ರ ಬಿಡಬೇಡಿ. ಸ್ಕ್ಯಾನಿನಲ್ಲಿ ಕಾಣದ ಸಂಗತಿಗಳು ಬಹಳ ಇರುತ್ತವೆ. ಅಮ್ಮನಿಗೆ ಪೇಸ್‌ಮೇಕರ್ ಇದೆಯಾ? ಎದೆಗೆ ಹಿಂದೆ ಯಾವಾಗಲಾದರೂ ರೇಡಿಯೇಷನ್ ಆಗಿತ್ತಾ? ಆಪರೇಷನ್ ಆದ ಕಡೆಯ ಕೈಯನ್ನು ತಲೆ ಮೇಲೆ ಎತ್ತಿ ಹಿಡಿಯಲು ಆಗುತ್ತದಾ? ಈ ಕೊನೆಯದನ್ನು ಯಾರೂ ಹೇಳುವುದೇ ಇಲ್ಲ, ಆದರೆ ರೇಡಿಯೇಷನ್ ಕೊಡುವಾಗ ಸಾಮಾನ್ಯವಾಗಿ ಕೈ ಮೇಲೆತ್ತಿ ಅಲ್ಲಾಡದೆ ಮಲಗಬೇಕು, ಭುಜ ಬಿಗಿದುಕೊಂಡಿದ್ದರೆ ಮೊದಲು ಫಿಸಿಯೋಥೆರಪಿ ಮಾಡಿಸಬೇಕಾಗುತ್ತದೆ. ದಿನಾ ಬಂದುಹೋಗಲು ಆಗುತ್ತದಾ, ಅಮ್ಮನಿಗೆ ಯಾವುದರ ಭಯ ಜಾಸ್ತಿ, ಅದನ್ನೂ ಹೇಳಿ. ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಬೋರ್ಡ್ ಕೊಡುವುದು ಸಲಹೆ, ಒಪ್ಪಿಗೆ ಕೊಡಬೇಕಾದವರು ಅಮ್ಮನೇ. ಏನು ತೀರ್ಮಾನ ಆಯಿತು, ಭಿನ್ನಾಭಿಪ್ರಾಯ ಇತ್ತಾ ಅಂತ ಆಮೇಲೆ ಧಾರಾಳವಾಗಿ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರಾದರೆ, ಅದು ನಿಮ್ಮ ತಪ್ಪಲ್ಲ.

ಪ್ರಶ್ನೆ: ಅಪ್ಪನಿಗೆ ಗುದನಾಳದ ಕ್ಯಾನ್ಸರ್. ಮೊದಲು ರೇಡಿಯೇಷನ್, ಆಪರೇಷನ್ ಆಮೇಲೆ ಅಂದಿದ್ದಾರೆ. ಸುಮ್ನೆ ಕಾಯಿಸುತ್ತಿದ್ದಾರೆ ಅನ್ನಿಸುತ್ತಿದೆ. ಅಷ್ಟರಲ್ಲಿ ಹರಡಿದರೆ?

ಉತ್ತರ: ಕಾಯಿಸುತ್ತಿಲ್ಲ, ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ. ಗುದನಾಳದ ಸುತ್ತ ಕೊಬ್ಬು ಇರುತ್ತದೆ, ಅದರ ಹೊರಗೆ ಒಂದು ತೆಳು ಪೊರೆ. ಗಡ್ಡೆ ಆ ಪೊರೆಗೆ ಎಷ್ಟು ಹತ್ತಿರ ಬಂದಿದೆ ಅಂತ ಎಂಆರ್‌ಐನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ತೀರಾ ಹತ್ತಿರ ಇದ್ದರೆ ಎಂಥ ಸರ್ಜನ್ ಆದರೂ ಪೂರ್ತಿ ಶುಚಿಯಾಗಿ ತೆಗೆಯುವುದು ಕಷ್ಟ. ರೇಡಿಯೇಷನ್ ಕೊಟ್ಟು ಗಡ್ಡೆ ಕುಗ್ಗಿಸಿದರೆ ಜಾಗ ಸಿಗುತ್ತದೆ. ಮೊದಲು ಕೊಡುವುದಾ, ಆಮೇಲೆ ಕೊಡುವುದಾ ಅಂತ ಜರ್ಮನಿಯಲ್ಲಿ ಹೋಲಿಸಿ ನೋಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೀಮೋ ಜೊತೆ ಮೊದಲೇ ರೇಡಿಯೇಷನ್ ಪಡೆದವರಲ್ಲಿ 5 ವರ್ಷದೊಳಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು 100ಕ್ಕೆ 6 ಮಂದಿಗೆ, ಆಪರೇಷನ್ ನಂತರ ಪಡೆದವರಲ್ಲಿ 13 ಮಂದಿಗೆ. ಬದುಕುಳಿದವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈಗ 5 ದಿನದ ಕೋರ್ಸ್ ಒಂದಿದೆ, ಕೀಮೋ ಮಾತ್ರೆ ಜೊತೆ ಐದೂವರೆ ವಾರದ್ದು ಇನ್ನೊಂದು. ಅಪ್ಪನಿಗೆ ಯಾವುದು, ಏಕೆ ಅಂತ ಕೇಳಿ. ಕೆಲವರಲ್ಲಿ ಗಡ್ಡೆ ಪೂರ್ತಿ ಕರಗಿಹೋಗುತ್ತದೆ, ಆಗ ಆಪರೇಷನ್ ತಡೆಹಿಡಿದು ಪದೇ ಪದೇ ಪರೀಕ್ಷೆ ಮಾಡುತ್ತಾ ಹೋಗಬಹುದಾ ಅನ್ನುವ ವಿಷಯವೂ ಬೋರ್ಡ್ ಮುಂದೆ ಬರುತ್ತದೆ.

ಪ್ರಶ್ನೆ: ಸೋದರಮಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಹೊರಗೆ ಹರಡಿಲ್ಲ. ಬೋರ್ಡ್‌ನವರು ‘ಆಪರೇಷನ್, ರೇಡಿಯೇಷನ್, ಸುಮ್ಮನೆ ನಿಗಾ, ಮೂರೂ ಸರಿ, ನೀವೇ ಆರಿಸಿ’ ಅಂದರಂತೆ. ಇದು ಜವಾಬ್ದಾರಿ ಜಾರಿಸಿಕೊಂಡ ಹಾಗಲ್ವಾ?

ಉತ್ತರ: ಅಲ್ಲ. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಇದೇ ಮೂರು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಿದರು. 15 ವರ್ಷದ ಲೆಕ್ಕ 2023ರಲ್ಲಿ ಬಂತು. ಮೂರೂ ಗುಂಪಿನಲ್ಲಿ ಸುಮಾರು 97 ಶೇಕಡಾ ಮಂದಿ ಆ ಕ್ಯಾನ್ಸರಿನಿಂದ ಸಾಯಲಿಲ್ಲ. ಆದರೆ ಉಪದ್ರವ ಬೇರೆ ಬೇರೆ: ಆಪರೇಷನ್ ಆದರೆ ಮೂತ್ರ ಸೋರುವ ತೊಂದರೆ ಜಾಸ್ತಿ, ರೇಡಿಯೇಷನ್ ಆದರೆ ಮಲವಿಸರ್ಜನೆಯ ತೊಂದರೆ, ನಿಗಾದಲ್ಲಿದ್ದರೆ ಮುಂದೆ ಹರಡುವ ಅಪಾಯ ಜಾಸ್ತಿ. ಯಾವುದನ್ನು ಸಹಿಸಿಕೊಳ್ಳಬಲ್ಲೆ ಅಂತ ಮಾವನೇ ಹೇಳಬೇಕು. ಸರ್ಜನ್ ಒಬ್ಬರನ್ನೇ ಕಂಡು ತೀರ್ಮಾನ ಮಾಡುವುದು ಬೇಡ, ರೇಡಿಯೇಷನ್ ಡಾಕ್ಟರನ್ನೂ ಒಮ್ಮೆ ಕಾಣಲಿ.

ಪ್ರಶ್ನೆ: ಅಕ್ಕನಿಗೆ ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿದೆ. ಒಂದೇ ದಿನ ರೇಡಿಯೇಷನ್ ಕೊಟ್ಟು ಕಳಿಸಿದರು. ಕಾಟಾಚಾರಕ್ಕೆ ಮಾಡಿದರಾ?

ಉತ್ತರ: ಇಲ್ಲ. ನೋವು ಕಡಿಮೆ ಮಾಡುವುದಷ್ಟೇ ಗುರಿಯಾಗಿದ್ದು, ಮೂಳೆ ಮುರಿಯುವ ಹಂತಕ್ಕೆ ಬಂದಿಲ್ಲದಿದ್ದರೆ, ಒಂದೇ ಸಲ 8 ಗ್ರೇ ಕೊಟ್ಟರೂ ಹಲವು ದಿನ ಕೊಟ್ಟಷ್ಟೇ ನೋವು ಇಳಿಯುತ್ತದೆ. ಇಳಿಯಲು ಕೆಲವು ವಾರ ಬೇಕಾಗಬಹುದು, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ. ಒಂದೇ ದಿನ ಪಡೆದವರಿಗೆ ಮುಂದೆ ಮತ್ತೊಮ್ಮೆ ಬೇಕಾಗುವುದು ಜಾಸ್ತಿ, ಆಗ ಮತ್ತೆ ಕೊಡಬಹುದು. ಒಂದು ವಿಷಯ ಮಾತ್ರ ನೆನಪಿಡಿ. ಬೆನ್ನುನೋವು ಏಕಾಏಕಿ ಜಾಸ್ತಿಯಾಗಿ ಕಾಲಿನಲ್ಲಿ ಶಕ್ತಿ ಹೋಗುತ್ತಿದೆ, ಮರಗಟ್ಟುತ್ತಿದೆ, ಮೂತ್ರ ಕಟ್ಟಿಕೊಂಡಿದೆ ಅನ್ನಿಸಿದರೆ ಬೆನ್ನುಹುರಿ ಒತ್ತುತ್ತಿರಬಹುದು. ಆಗ ಮುಂದಿನ ವಾರದ ಬೋರ್ಡ್ ಅಂತ ಕಾಯಬೇಡಿ, ರಾತ್ರಿಯಾಗಿದ್ದರೂ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಅಂಥ ಹೊತ್ತಿನಲ್ಲಿ ಡಾಕ್ಟರುಗಳು ಫೋನಿನಲ್ಲೇ ಮಾತಾಡಿಕೊಂಡು ತೀರ್ಮಾನ ಮಾಡುತ್ತಾರೆ.