ಹಾಡು ಹಾಕಿ ಮೆಲ್ಲಗೆ ಜಾರಿಕೊಳ್ಳಬೇಡಿ, ಹೇಳಿ ಹೋಗಿ

ಮೂರು ವರ್ಷದ ಮಗಳು ಮುಂದಿನ ತಿಂಗಳು ಪ್ರೀಸ್ಕೂಲ್‌ಗೆ ಸೇರುತ್ತಾಳೆ, ಅಳದೆ ಒಳಗೆ ಹೋಗಲು ಇಪ್ಪತ್ತು ಖುಷಿಯ ಹಾಡು ಹೇಳಿ ಅಂತ ಕೇಳಿದ್ದೀರಿ. ನಾನು ಉತ್ತರ ಬರೆಯಲು ಕೂತಿದ್ದು ನಿಮ್ಮ ಕೊನೆಯ ಸಾಲು ನೋಡಿ: "ಅವಳು ಹಾಡಿನಲ್ಲಿ ಮುಳುಗಿರುವಾಗ ನಾವು ಮೆಲ್ಲಗೆ ಹೊರಟುಬಿಟ್ಟರೆ ಆಗುತ್ತೆ ಅಲ್ವಾ?"

ಆಗಲ್ಲ. ನಾನು ಮಾಡಿ ನೋಡಿದ್ದೇನೆ.

ನನ್ನ ಮಗನಿಗೆ ಆಗ ಮೂರು ತುಂಬಿ ಎರಡು ತಿಂಗಳು. ಮನೆಯಲ್ಲಿ ಒಂದು ಕಪ್ಪೆ ಹಾಡು ಇತ್ತು, ನಾವೇ ಕಟ್ಟಿಕೊಂಡಿದ್ದು. ಕಪ್ಪೆ ಕುಪ್ಪಳಿಸುತ್ತೆ, ಕಲ್ಲು ಹತ್ತುತ್ತೆ, ಕೊನೆಗೆ ದುಡುಂ ಅಂತ ನೀರಿಗೆ ಬೀಳುತ್ತೆ. ದುಡುಂ ಅಂದ ತಕ್ಷಣ ಅವನೂ ನೆಲಕ್ಕೆ ಬೀಳುತ್ತಿದ್ದ. ಬಿದ್ದಲ್ಲಿಂದಲೇ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದ. ನಾನು ನಕ್ಕರೆ ಅವನೂ ನಗುತ್ತಿದ್ದ, ಆಮೇಲೆ "ಇನ್ನೊಂದ್ಸಲ". ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವೇ ಇಲ್ಲ.

ಅವನಿಗೆ ಅತಿ ಹೆಚ್ಚು ಖುಷಿ ಕೊಡುವ ಹಾಡು ಅದೇ. ಹಾಗಾಗಿ ಮೊದಲ ದಿನಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ ಅಂದುಕೊಂಡೆ. ಫೋನಿನಲ್ಲಿ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಟೀಚರ್‌ಗೆ ಕಳಿಸಿದೆ. "ಇದನ್ನು ಹಾಕಿ, ಅವನು ಕುಣಿಯೋಕೆ ಶುರು ಮಾಡಿದ ಕೂಡಲೇ ನಾನು ಹೊರಡ್ತೀನಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಮೇಡಂ, ನಿಮ್ಮಿಷ್ಟ" ಅಂದರು. ಆ ಒಂದು ಕ್ಷಣ ಯಾಕೆ ಸುಮ್ಮನಾದರು ಅಂತ ಆಗಲೇ ಕೇಳಬೇಕಿತ್ತು.

ಎಣಿಸಿದ ಹಾಗೇ ಆಯಿತು. ಹಾಡು ಬಂತು, ಅವನು ಕುಪ್ಪಳಿಸಿದ, ನಾನು ಹೊರಟೆ. ಅಳು ಕೇಳಿಸಲಿಲ್ಲ. ಗೆದ್ದೆ ಅಂದುಕೊಂಡೆ. ಎರಡನೇ ದಿನವೂ ಹಾಗೇ ಮಾಡಿದೆ.

ಮೂರನೇ ದಿನ ಬೆಳಿಗ್ಗೆ ಮನೆಯಲ್ಲಿ ಆ ಹಾಡು ಗುನುಗಿದೆ. ಅವನು ಓಡಿ ಬಂದು ಎರಡೂ ಅಂಗೈಯಿಂದ ನನ್ನ ಬಾಯಿ ಮುಚ್ಚಿದ. ಆಟಕ್ಕಲ್ಲ, ಗಟ್ಟಿಯಾಗಿ ಒತ್ತಿ ಹಿಡಿದಿದ್ದ. ಅವನ ತುಟಿ ನಡುಗುತ್ತಿತ್ತು. ಸಂಜೆ ಅಜ್ಜಿ ಅದೇ ಹಾಡು ಎತ್ತಿದರೆ ಬಂದು ನನ್ನ ಕಾಲು ತಬ್ಬಿಕೊಂಡ.

ಆಮೇಲೆ ಟೀಚರ್ ಹೇಳಿದರು. ಆ ಮೊದಲ ದಿನ ದುಡುಂ ಬಂದಾಗ ಅವನು ಎಂದಿನಂತೆ ಬಿದ್ದನಂತೆ. ತಲೆ ಎತ್ತಿ ನಗುತ್ತಾ ಬಾಗಿಲ ಕಡೆ ನೋಡಿದನಂತೆ. ನಾನಿರಲಿಲ್ಲ. ನೆಲದ ಮೇಲೇ ಹಾಗೇ ಕೂತುಬಿಟ್ಟನಂತೆ, ತುಂಬಾ ಹೊತ್ತು ಅಳಲೂ ಇಲ್ಲವಂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನನಗೇ ಅರ್ಥವಾಗಲು ವಾರಗಟ್ಟಲೆ ಬೇಕಾಯಿತು. ಮೊದಲು ನಾನು ತಪ್ಪು ಹಾಡು ಆರಿಸಿದೆ ಅಂದುಕೊಂಡಿದ್ದೆ. ಹಾಗಾಗಿ ಬೇರೆ ಹಾಡು ಹುಡುಕಿದೆ. ರೈಲಿನ ಹಾಡು, ಬೆಕ್ಕಿನ ಹಾಡು, ಇನ್ನೂ ಜೋರಾದ ಚಪ್ಪಾಳೆ ಹಾಡು. ಒಂದೂ ನಡೆಯಲಿಲ್ಲ. ತರಗತಿಯಲ್ಲಿ ಟೀಚರ್ ಹಾಡಲು ಕೈ ತಟ್ಟಿದರೆ ಸಾಕು, ಉಳಿದ ಮಕ್ಕಳು ಅವರ ಕಡೆ ತಿರುಗುತ್ತಿದ್ದರು, ಇವನು ಬಾಗಿಲ ಕಡೆ ತಿರುಗುತ್ತಿದ್ದ. ನಾನು ಅವನಿಗೆ ಕಲಿಸಿದ್ದು ಕಪ್ಪೆ ಹಾಡು ಅಲ್ಲವೇ ಅಲ್ಲ. ಖುಷಿ ಶುರುವಾದರೆ ಅಮ್ಮ ಹೋಗುತ್ತಾಳೆ, ಮೈಮರೆತು ಆಡಬಾರದು, ಅಮ್ಮನ ಮೇಲೆ ಒಂದು ಕಣ್ಣಿಟ್ಟಿರಬೇಕು ಅಂತ ಕಲಿಸಿದ್ದೆ. ಹಾಡಿನಲ್ಲಿ ಯಾವ ದೋಷವೂ ಇರಲಿಲ್ಲ. ಅದರ ಮರೆಯಲ್ಲಿ ನಾನು ಕಳ್ಳಹೆಜ್ಜೆ ಇಟ್ಟೆ. ಅತ್ತರೆ ಅಳುತ್ತಿದ್ದ, ಒಂದು ವಾರದಲ್ಲೋ ಎರಡು ವಾರದಲ್ಲೋ ಹೊಂದಿಕೊಳ್ಳುತ್ತಿದ್ದ. ಅಳು ನೋಡಲಾರೆ ಅನ್ನುವ ನನ್ನ ಕಷ್ಟಕ್ಕೆ ಅವನ ಹಾಡನ್ನು ಬಳಸಿಕೊಂಡೆ. ಆ ಹಾಡು ನಮ್ಮ ಮನೆಯಲ್ಲಿ ಎಂಟು ತಿಂಗಳು ನಿಂತೇ ಹೋಯಿತು.

ಸರಿಪಡಿಸಿದ್ದು ಆ ಟೀಚರೇ. "ಮೇಡಂ, ಹೇಳಿ ಹೋಗಿ. ಅತ್ತರೂ ಪರವಾಗಿಲ್ಲ, ನಾವಿದ್ದೀವಿ" ಅಂದರು. ಹೊರಡುವುದಕ್ಕೇ ಒಂದು ಹಾಡು ಮಾಡಿಕೊಳ್ಳಿ ಅಂತಲೂ ಹೇಳಿದರು. ನಾನು ಎರಡೇ ಸಾಲು ಕಟ್ಟಿದೆ: "ಅಮ್ಮ ಹೋಗಿ ಬರ್ತಾಳೆ, ಊಟ ಆದ್ಮೇಲ್ ಬರ್ತಾಳೆ." ರಾಗ ಅಂತ ಹೇಳುವಂಥದ್ದೇನೂ ಇಲ್ಲ. ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಅವನ ಕೈ ಹಿಡಿದು, ಒಂದೇ ಸಲ ಹಾಡುವುದು. ಮುಗಿದ ಮೇಲೆ ಎದ್ದು ಅವನ ಕಣ್ಣೆದುರೇ ಹೋಗುವುದು. "ಹನ್ನೆರಡು ಗಂಟೆಗೆ" ಅಂದರೆ ಮೂರು ವರ್ಷದ ಮಗುವಿಗೆ ಏನೂ ತಿಳಿಯಲ್ಲ. "ಊಟ ಆದ್ಮೇಲೆ" ಅಂದರೆ ತಿಳಿಯುತ್ತೆ. ಮೊದಲ ನಾಲ್ಕು ದಿನ ಕಿರುಚಿ ಅತ್ತ. ಐದನೇ ದಿನ ಎರಡನೇ ಸಾಲು ಅವನೇ ಹೇಳಿದ, ಅಳುತ್ತಲೇ. ಎರಡು ವಾರದ ಮೇಲೆ ಕೈ ಬಿಡಿಸಿಕೊಂಡು ಒಳಗೆ ನಡೆದ.

ಈಗ ನಿಮ್ಮ ಇಪ್ಪತ್ತು ಹಾಡಿನ ವಿಷಯ. ಕೊಡಲ್ಲ. ಮೂರು ಸಾಕು. ಈ ವಯಸ್ಸಿನ ಮಕ್ಕಳಿಗೆ ಮುಂದೇನು ಬರುತ್ತೆ ಅಂತ ಗೊತ್ತಿರುವುದೇ ದೊಡ್ಡ ಖುಷಿ. ನಮಗೆ ಬೇಜಾರು ಬಂದ ಮೇಲೂ ಅವರಿಗೆ ಅದೇ ಬೇಕು. ಹೊಸ ಜಾಗ, ಹೊಸ ಮುಖ, ಹೊಸ ಬಾತ್‌ರೂಮ್ ಇರುವಾಗ ಹಾಡೂ ಹೊಸದಾದರೆ ಹಿಡಿದುಕೊಳ್ಳಲು ಏನಿದೆ?

ಇನ್ನು, "ಖುಷಿಯ ಹಾಡು" ಅಂತ ಹುಡುಕಿದರೆ ಸಿಗುವುದರಲ್ಲಿ ಜಾಸ್ತಿ ಪಾಲು ದೊಡ್ಡವರು ಜೋರಾಗಿ, ಗಡಿಬಿಡಿಯಲ್ಲಿ ಹಾಡಿದ್ದು. ಮಕ್ಕಳು ನೋಡುತ್ತಾರೆ, ಹಾಡುವುದಿಲ್ಲ. ಅವರಿಗೆ ಸಲೀಸಾಗಿ ಬರುವುದು ಐದಾರು ಸ್ವರ ಮಾತ್ರ, ಅದೂ ನಮ್ಮ ಮಾತಿನ ದನಿಗಿಂತ ಮೇಲೆ. ನಾವು ನಮಗೆ ಆರಾಮಾದ ಕೆಳಗಿನ ಶ್ರುತಿಯಲ್ಲಿ ಹಾಡಿದರೆ ಪಾಪ ಅವರು ಗೊಣಗುತ್ತಾರೆ. ಮಗು ಪಕ್ಕದ ಕೋಣೆಯಿಂದ "ಅಮ್‌ಮಾ" ಅಂತ ಎಳೆದು ಕರೆಯುವುದನ್ನು ಕೇಳಿ. ಮೇಲಿಂದ ಸ್ವಲ್ಪ ಕೆಳಗಿಳಿಯುವ ಎರಡು ಸ್ವರ, ಹೆಚ್ಚುಕಡಿಮೆ ಪ-ಗ ಇದ್ದ ಹಾಗೆ. ಹಂಗೇರಿಯ ಸಂಗೀತಗಾರ ಝೋಲ್ಟಾನ್ ಕೊಡಾಯ್ ಹೆಸರಿನ ಪದ್ಧತಿಯಲ್ಲಿ ಪುಟ್ಟ ಮಕ್ಕಳ ಪಾಠ ಶುರುವಾಗುವುದೇ ಆ ಎರಡು ಸ್ವರದಿಂದ. ನೀವೂ ಅಲ್ಲಿಂದಲೇ ಹಾಡಿ. ತಾಳ ಚುರುಕಾಗಿದ್ದರೆ ತೊಂದರೆ ಇಲ್ಲ, ಮಕ್ಕಳು ತಮ್ಮಷ್ಟಕ್ಕೆ ತಟ್ಟುವ ಚಪ್ಪಾಳೆ ನಮ್ಮದಕ್ಕಿಂತ ಬೇಗವೇ ಇರುತ್ತೆ. ಆದರೆ ಮಾತು ಕಮ್ಮಿ ಇರಬೇಕು, ಸಾಲಿನ ಕೊನೆಗೆ ಉಸಿರಾಡಲು ಜಾಗ ಇರಬೇಕು.

ಕೈಗೆ ಏನಾದರೂ ಕೆಲಸ ಇರುವ ಹಾಡು ಆರಿಸಿ. ಬಾಯಿ ತೆರೆಯದ ಮಗುವೂ ಬೆರಳು ಆಡಿಸಿ ಗುಂಪಿಗೆ ಸೇರುತ್ತೆ. ಇದೇನೂ ಹೊಸದಲ್ಲ. ಕಿಂಡರ್‌ಗಾರ್ಟನ್ ಅನ್ನುವ ಹೆಸರು ಕೊಟ್ಟ ಫ್ರೆಡ್ರಿಕ್ ಫ್ರೋಬೆಲ್ 1844ರಲ್ಲಿ ತಾಯಂದಿರಿಗಾಗಿ ಹಾಡಿನ ಪುಸ್ತಕ ತಂದಾಗಲೇ ಅದರಲ್ಲಿ ಹಾಡಿನ ಜೊತೆ ಬೆರಳಾಟ ಇತ್ತು. ತಾಯಂದಿರಿಗಾಗಿ ಅನ್ನುವುದನ್ನೂ ಗಮನಿಸಿ. ಹಾಡಬೇಕಾದವರು ನೀವು, ಸ್ಪೀಕರ್ ಅಲ್ಲ. ಮಗು ತಡವರಿಸಿದರೆ ನೀವು ಕಾಯುತ್ತೀರಿ, ಸ್ಪೀಕರ್ ಕಾಯಲ್ಲ. ದನಿ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ, ನನ್ನದೂ ಚೆನ್ನಾಗಿಲ್ಲ.

ನನ್ನ ಮೂರು ಯಾವುದು ಅಂದರೆ, ಹೊರಡುವ ಹಾಡು ಒಂದು, ಅದನ್ನು ಹೇಳಿಯಾಯಿತು. ಇನ್ನೊಂದು ಮಗುವಿನ ಹೆಸರು ಬರುವ ಹಾಡು. ಅದನ್ನು ಟೀಚರ್ ಹತ್ತಿರ ಮೊದಲೇ ಕೇಳಿ ಕಲಿತುಕೊಳ್ಳಿ, ಬಹಳಷ್ಟು ಕಡೆ ಬೆಳಿಗ್ಗೆ ಎಲ್ಲರ ಹೆಸರು ಕರೆದು ಹಾಡುತ್ತಾರೆ. ಮನೆಯಲ್ಲಿ ಕೇಳಿದ ಹಾಡು ಅಲ್ಲಿ ಕೇಳಿಸಿದಾಗ ಮಗುವಿನ ಮುಖ ಅರಳುವುದೇ ಬೇರೆ. ಮೂರನೆಯದು ಚಪ್ಪಲಿ ಹಾಡು: "ಬಲಗಾಲು ಎಲ್ಲಿ? ಇಲ್ಲಿ ಇಲ್ಲಿ. ಎಡಗಾಲು ಎಲ್ಲಿ? ಇಲ್ಲಿ ಇಲ್ಲಿ." ನೀವು ಕೇಳುವುದು, ಅವಳು ಕಾಲು ಚಾಚಿ ಉತ್ತರ ಹೇಳುವುದು. ಬೆಳಗಿನ ಗಡಿಬಿಡಿಯಲ್ಲಿ ನಮ್ಮನ್ನು ಕಾಪಾಡಿದ್ದು ಇದೇ.

ಅವಳಿಗೆ ತುಂಬಾ ಇಷ್ಟದ ಹಾಡು ಒಂದಿದ್ದರೆ ಅದನ್ನು ಬಾಗಿಲ ಹತ್ತಿರ ತರಲೇಬೇಡಿ, ಮನೆಯಲ್ಲೇ ಇರಲಿ.

ಎಂಟು ತಿಂಗಳ ಮೇಲೆ ಒಂದು ದಿನ ಸ್ನಾನ ಮಾಡುವಾಗ ನನ್ನ ಮಗ ತಾನಾಗಿಯೇ ಕಪ್ಪೆ ಹಾಡು ಎತ್ತಿದ. ನಾನು ಉಸಿರು ಬಿಗಿಹಿಡಿದು ಕೇಳಿಸಿಕೊಂಡೆ. ದುಡುಂ ಬರುವುದಕ್ಕೆ ಮುಂಚೆ ನಿಲ್ಲಿಸಿ, ನನ್ನ ಸೆರಗು ಹಿಡಿದುಕೊಂಡ. ಆಮೇಲೆ ದುಡುಂ ಅಂದ.