ಮೊಮ್ಮಗಳ ಹೆಸರು ಬರೆಯಲೋ ಬೇಡವೋ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬೈಬಲ್ ಇದೆ. ಮೊದಲ ಹಾಳೆಯಲ್ಲಿ ಮನೆಯ ಮಕ್ಕಳ ಹೆಸರೆಲ್ಲ ಬರೆದಿದೆ. ಮಗ ಆರು ವರ್ಷದಿಂದ ಚರ್ಚಿಗೆ ಹೋಗುತ್ತಿಲ್ಲ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಬೈಬಲ್ ವಚನ ಕಳಿಸುತ್ತೇನೆ, ಉತ್ತರ ಇಲ್ಲ. ಈಗ ಅವನಿಗೆ ಹೆಣ್ಣುಮಗು ಹುಟ್ಟಿದೆ, ಚರ್ಚಿಗೆ ಸೇರಿಸುವ ದೀಕ್ಷಾಸ್ನಾನ ಬೇಡ ಅಂದಿದ್ದಾನೆ. 'ನಿನ್ನ ಪ್ರಾರ್ಥನೆಯಲ್ಲೇ ಏನೋ ಕೊರತೆ' ಎನ್ನುತ್ತಾರೆ ನಾದಿನಿ. ನಮಗೂ ನಮ್ಮ ಸಂತತಿಗೂ ದೇವರು ಕೊಟ್ಟ ಮಾತು ನನ್ನ ತಲೆಮಾರಿಗೇ ನಿಂತುಹೋಯಿತೇ? ಮಗುವಿನ ಹೆಸರನ್ನು ಆ ಹಾಳೆಯಲ್ಲಿ ಬರೆಯಲೇ?

ಉತ್ತರ: ಅಕ್ಕ, ಬರೆಯಿರಿ. ಇವತ್ತೇ ಬರೆಯಿರಿ.

ನಾದಿನಿಯ ಮಾತು ನಿಮ್ಮನ್ನು ಎಷ್ಟು ಚುಚ್ಚಿದೆ ಅಂತ ಗೊತ್ತಾಗುತ್ತದೆ. ಆದರೆ ಆ ಮಾತು ಸರಿಯಲ್ಲ. ಪ್ರವಾದಿ ಸಮುವೇಲನ ಇಬ್ಬರು ಗಂಡುಮಕ್ಕಳೂ ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಕೂತು ಲಂಚ ತಿಂದರು. ಸಮುವೇಲನ ಪ್ರಾರ್ಥನೆ ಕಮ್ಮಿಯಾಯಿತು ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ.

ದೇವರು ಅಬ್ರಾಮನಿಗೆ ಅವನ ಸಂತತಿಯ ಬಗ್ಗೆ ಮಾತು ಕೊಡುವ ಆದಿಕಾಂಡದ 15ನೇ ಅಧ್ಯಾಯವನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಅಬ್ರಾಮ ಕಡಸು, ಮೇಕೆ, ಟಗರು ಕಡಿದು ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ. ಒಡಂಬಡಿಕೆ ಮಾಡುವವರು ಆ ಹೋಳುಗಳ ನಡುವೆ ನಡೆದು ಹೋಗಬೇಕು. ಮಾತು ತಪ್ಪಿದರೆ ನನ್ನ ಗತಿಯೂ ಇದೇ ಆಗಲಿ ಅಂತ ಅದರ ಅರ್ಥ. ಹದ್ದುಗಳು ಮಾಂಸದ ಮೇಲೆ ಎರಗಿದವು, ಇವನು ಓಡಿಸುತ್ತ ಕೂತ. ಹೊತ್ತು ಮುಳುಗುವಾಗ ಗಾಢ ನಿದ್ದೆ ಹತ್ತಿತು. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋದವು. ಆ ಬೆಂಕಿ ದೇವರ ಗುರುತು. ಅಬ್ರಾಮ ದಾಟಲೇ ಇಲ್ಲ, ಅಕ್ಕ. ದೇವರೊಬ್ಬರೇ ದಾಟಿದರು. ಅವರು ಹೊತ್ತ ಆಣೆಯನ್ನು ನೀವು ಆರು ವರ್ಷದಿಂದ ಹೆಗಲ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದೀರಿ. ಇಳಿಸಿ.

ಹಾಗಂತ ಮಗ ಬರುವ ಭಾನುವಾರ ಚರ್ಚಿಗೆ ಬಂದೇ ಬರುತ್ತಾನೆ ಅಂತ ನಾನು ಹೇಳಲಾರೆ.

ಇನ್ನು ಹೆಸರಿನ ವಿಷಯ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿಯನ್ನು ನಾವೆಲ್ಲ ಸುಮ್ನೆ ಹಾರಿಸಿ ಓದುತ್ತೇವೆ, ಅಲ್ವಾ? ಅಲ್ಲಿ ಹಿಜ್ಕೀಯ, ಮನಸ್ಸೆ, ಆಮೋನ, ಯೋಷೀಯ ಒಟ್ಟೊಟ್ಟಿಗೆ ಬರುತ್ತಾರೆ. ಹಿಜ್ಕೀಯ ದೇವರನ್ನೇ ನೆಚ್ಚಿದ್ದ ಅರಸ. ಮಗ ಮನಸ್ಸೆ 55 ವರ್ಷ ಆಳಿದ, ದೇವಾಲಯದೊಳಗೇ ವಿಗ್ರಹ ಇಟ್ಟ, ಹೆತ್ತ ಮಗನನ್ನೇ ಬೆಂಕಿಗೆ ಕೊಟ್ಟ. ಕಷ್ಟ ಬಂದಾಗ ದೇವರ ಕಡೆ ತಿರುಗಿದ ಅಂತ ಪೂರ್ವಕಾಲವೃತ್ತಾಂತದಲ್ಲಿದೆ, ಆದರೆ ಅದನ್ನು ನೋಡಲು ಹಿಜ್ಕೀಯ ಇರಲಿಲ್ಲ. ಮನಸ್ಸೆಯ ಮಗ ಆಮೋನನೂ ಕೆಟ್ಟವನೇ. ಅವನ ಮಗ ಯೋಷೀಯ 8 ವರ್ಷಕ್ಕೆ ಪಟ್ಟಕ್ಕೆ ಬಂದ. ಮುಂದೆ ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರದ ಗ್ರಂಥವನ್ನು ಓದಿಸಿ ಕೇಳಿ ದುಃಖದಿಂದ ಬಟ್ಟೆ ಹರಿದುಕೊಂಡ. ಮತ್ತಾಯ ಕೆಲವು ಅರಸರ ಹೆಸರನ್ನು ಬಿಟ್ಟಿದ್ದಾನೆ, ಮನಸ್ಸೆಯ ಹೆಸರನ್ನು ಬಿಡಲಿಲ್ಲ. ನಿಮ್ಮ ಮಗನೋ ಚರ್ಚಿಗೆ ಹೋಗದವನು, ಅಷ್ಟೇ. ಅವನ ಮಗಳ ಹೆಸರು ಬರೆಯಲು ಇಷ್ಟು ಯೋಚನೆ ಯಾಕೆ?

ವಚನ ಕಳಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಬದಲಿಗೆ ಫೋನ್ ಮಾಡಿ, ಮಗು ರಾತ್ರಿ ಮಲಗಿತಾ, ಸೊಸೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳಾ ಅಂತ ಕೇಳಿ. ಅಬ್ರಾಮ ಹದ್ದು ಓಡಿಸಿದ ಹಾಗೆ ನಿಮಗಿರುವ ಕೆಲಸ ಇದು, ನಿಮ್ಮಿಬ್ಬರ ನಡುವೆ ಕಹಿ ಬಂದು ಕೂರದ ಹಾಗೆ ನೋಡಿಕೊಳ್ಳುವುದು. ಹೆಸರು ಬರೆದದ್ದನ್ನು ಅವನಿಗೆ ಈಗಲೇ ಹೇಳುವುದು ಬೇಡ. ಅವನ ಹೆಸರಿನ ಕೆಳಗೇ ಬರೆಯಿರಿ, ಹುಟ್ಟಿದ ತಾರೀಕೂ ಹಾಕಿ.